ರೊಟ್ಟಿ ಬಡಿಯುವ ಸಪ್ಪಳ

“ಕೇರಳಕ್ಕ ನೀ ಒಬ್ಬನೇ ಹೋಗು! ನಾ ಕಾಲಿಡಂಗಿಲ್ಲ!”

ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಯಾದಗಿರಿ ಬಸ್ಸಿಗೆ ಕಾದು ಕುಳಿತಿದ್ದ ಮುನ್ನಿಬೀ ತಿರುಗಿ ನೋಡಿದಳು. ಜೋಳದ ಹಿಟ್ಟಿನ ಚೀಲ ತಬ್ಬಿಕೊಂಡಿದ್ದ ಲಾಲಮ್ಮ ಗಂಡ ತಾಯಪ್ಪನ ಮೇಲೆ ಕೆಂಡ ಕಾರುತ್ತಿದ್ದಳು. ಅವನ ಕೈಯಲ್ಲಿ ರೊಟ್ಟಿಯ ಹಂಚಿತ್ತು.

“ಅಲ್ಲಿ ಕೂಲಿ ಹೆಚ್ಚದ, ಲಾಲಿ.”

“ಹ್ವಾದ ವರ್ಷ ಅಲ್ಲಿ ನಾ ರೊಟ್ಟಿ ಬಡದ್ರ, ಗ್ವಾಡಿ ಒಡ್ಯಾಕತ್ತೀರೇನಂತ ಮನಿ ಮಾಲಕ ಓಡಿ ಬಂದಿದ್ದ. ಮರತಿ?”

“ಅನ್ನ ಉಂಡ್ರಾತು.”

“ಮೂರನೇ ದಿನಕ್ಕ ರೊಟ್ಟಿ ರೊಟ್ಟಿ ಅಂತ ಅತ್ತಾಂವ ಯಾರು? ಗೋವಾದಾಗ ನಮ್ಮಕ್ಕನ ಓಣಿಗಿ ಓಣಿನೇ ರೊಟ್ಟಿ ಬಡೀತದ. ನನ್ನ ಸಪ್ಪಳ ಯಾರಿಗಿ ಕೇಳಸ್ತದ?”

“ಅಲ್ಲಿ ಬಿಸಲ ಭಾಳ.”

“ನಮ್ಮೂರ ದೋರನಹಳ್ಳಿ ಬಿಸಲಾಗ ಸುಟ್ಟಾಂವಗ ಅದ್ಯಾವ ಬಿಸಲೋ?”

“ಹೆಜ್ಜಿಗೊಂದು ಬಾರ್ ಅವ. ನನ್ನ ಮ್ಯಾಲ ನನಗೇ ನಂಬಿಕಿಲ್ಲ.”

“ಇಲ್ಲೇನ್ ಮಜ್ಜಿಗಿ ಕುಡದು ಬೀಳ್ತಿದ್ದೇನು?”

ಪಣಜಿ ಬಸ್ಸು ಬಂತು. ಲಾಲಮ್ಮ ಚೀಲ ಹೊತ್ತು ಹತ್ತಿಯೇಬಿಟ್ಟಳು.

“ಇಳೀತಾಳ, ನೋಡ್ತಿರ್ರಿ ಖಾಲಾ,” ಎಂದ ತಾಯಪ್ಪ, ಮುನ್ನಿಬೀಯತ್ತ ತಿರುಗಿ.

ಬಸ್ಸು ಹೊರಟಿತು. ಲಾಲಮ್ಮ ಕಿಟಕಿಯಿಂದಲೂ ಇಣುಕಲಿಲ್ಲ.

“ಹಿಟ್ಟು ಆಕಿ ಕೂಡ ಹೋಯ್ತಲ್ಲೋ ತಮ್ಮಾ. ಖಾಲಿ ಹಂಚು ನೆಕ್ಕತಿಯೇನು?” ಎಂದಳು ಮುನ್ನಿಬೀ.

ತಾಯಪ್ಪ ಹಂಚನ್ನು ಬಗಲಿಗೆ ಇರುಕಿಕೊಂಡು ವಿಚಾರಣೆ ಕಿಟಕಿಯತ್ತ ನಡೆದ.

“ಸಾಹೇಬ್ರ, ಪಣಜಿಗಿ ಮುಂದಿನ ಬಸ್ ಯಾವಾಗದರಿ?”