ಎರಡು ತೂತು, ಒಂದು ಜೇಡ

ಇಲ್ಲಕ್ಕಾ, ಕುಡಿದಿಲ್ಲ! ಬೇಕಾದ್ರೆ ಮೂಸಿ ನೋಡು... ಜೇಡ ಕಚ್ಚಿದೆ ಅಂತ ಹೇಳ್ತಾ ಇದ್ದೀನಿ. ಇಗೋ, ಮುಂಗೈ ಮೇಲೆ, ಎರಡು ತೂತು. ಕಾಣ್ತಾ? ತಮ್ಮ ಅಂತ ಹಾಗೇ ನುಗ್ಗಿಲ್ಲ, ಚೀಟಿ ಮಾಡಿಸ್ಕೊಂಡು ಸಾಲಲ್ಲಿ ಕೂತು ಬಂದಿದ್ದೀನಿ. ನೀನು ನರ್ಸು, ನಾನು ರೋಗಿ. ರೋಗಿ ಜೊತೆ ಮಾತಾಡಲೇಬೇಕಲ್ಲ? ...ಸರಿ, ಆಡಬೇಡ. ಹದಿನಾರು ತಿಂಗಳು ಆಡಿಲ್ಲ, ಇನ್ನು ಹತ್ತು ನಿಮಿಷಕ್ಕೇನು! ಅಮ್ಮನ ಕುರ್ಚಿ ವಿಷಯ ನಾನಂತೂ ಎತ್ತಲ್ಲ. ಇವತ್ತು ಬರೀ ಜೇಡದ ವಿಷಯ.

ಹೇಗಾಯ್ತು ಅಂತೀಯಾ? ಕಣ್ಣಲ್ಲೇ ಕೇಳ್ತಿದ್ದೀಯ, ಗೊತ್ತಾಗುತ್ತೆ. ಅಂಗಡಿಗೆ ಒಂದು ಹಳೇ ಸೋಫಾ ಬಂತು ರಿಪೇರಿಗೆ. ತಳದ ಬಟ್ಟೆ ಬಿಚ್ಚಿ ಸ್ಪ್ರಿಂಗ್ ಸಂದಿಗೆ ಕೈ ಹಾಕ್ದೆ ನೋಡು... ಚುರ್ ಅಂತು! ಇಷ್ಟು ದೊಡ್ಡದು, ಕರೀ ಜೇಡ, ಹೊಟ್ಟೆ ಮೇಲೆ ಕೆಂಪು ಚುಕ್ಕೆ! ಆ ಕ್ಷಣಕ್ಕೆ ನೆನಪಾಗಿದ್ದು ಯಾರು? ನೀನೇ! ಬ್ಲೇಡಲ್ಲಿ ಕುಯ್ಯಲಿಲ್ಲ, ಬಾಯಿಟ್ಟು ಹೀರಲಿಲ್ಲ, ಹಗ್ಗ ಬಿಗೀಲಿಲ್ಲ. ಸೋಪು ಹಾಕಿ ತೊಳೆದೆ, ತಣ್ಣನೆ ಬಟ್ಟೆ ಇಟ್ಟೆ, ಕೈ ಅಲ್ಲಾಡಿಸದೆ ಸೀದಾ ಆಸ್ಪತ್ರೆಗೆ ಬಂದೆ. ಪಕ್ಕದಂಗಡಿ ಬಡಗಿ ಏನೋ ಎಣ್ಣೆ ಹಚ್ಚೋಕೆ ಬಂದ. ನಮ್ಮಕ್ಕಂಗೆ ಗೊತ್ತಾದ್ರೆ ಅದೇ ಎಣ್ಣೇಲಿ ನಿನ್ನ ಹುರೀತಾಳೆ ಅಂದೆ... ನಕ್ಕೆ! ನಕ್ಕೆ ತಾನೆ? ಇಲ್ವಾ? ಕೆಮ್ಮಾ? ಸರಿ, ಕೆಮ್ಮು.

ಬೆವರಾ? ಈಗ ತಾನೇ ಒರೆಸ್ಕೊಂಡೆ. ಉಸಿರು ಪರವಾಗಿಲ್ಲ. ಹೊಟ್ಟೆ? ಹಾಂ, ಹಿಡ್ಕೊಂಡಿದೆ, ಹಲಗೆ ಥರ ಗಟ್ಟಿಯಾಗಿದೆ... ಅಯ್ಯೋ, ಒತ್ತಬೇಡ, ಒತ್ತಬೇಡ, ಕಚಗುಳಿ! ಅಲ್ಲ, ಅಂದ್ರೆ... ನೋವಲ್ಲೂ ಕಚಗುಳಿ ಆಗುತ್ತೆ ಕಣೇ ಕೆಲವರಿಗೆ.

ಇಗೋ ಬಾಟಲಿ. ಕಚ್ಚಿದ್ದು ಸಿಕ್ಕರೆ ತೋರಿಸಿ ಅಂತ ಎಲ್ಲರಿಗೂ ಹೇಳ್ತೀಯಲ್ಲ, ಹಿಡಿದು ತಂದಿದ್ದೀನಿ. ಕೆಂಪು ಚುಕ್ಕೆನಾ? ...ಇತ್ತು. ಹೆದರಿ ಬಣ್ಣ ಬಿಟ್ಟಿರಬೇಕು. ಕಾಲು ಉದ್ದ ಅಂತೀಯಾ? ಸೂರಿನ ಮೂಲೇಲಿ ಇರೋದರ ಥರ ಕಾಣುತ್ತೆ, ಅಷ್ಟೇ, ಆದ್ರೆ ಬಲು ಘಾಟಿ... ಏ, ಮುಚ್ಚಳ ಯಾಕೆ ತೆಗೀತೀಯ? ಅಕ್ಕಾ! ಅಂಗೈ ಮೇಲೆ ಬಿಟ್ಕೊಂಡ್ಯಲ್ಲೇ!

...

ಹಾಗೆ ನೋಡಬೇಡ. ಬೈಯೋದಾದ್ರೆ ಬೈದುಬಿಡು.

...ತೂತಿನ ಮಧ್ಯೆ ಬೆರಳಿಟ್ಟು ಏನು ಅಳೀತಿದ್ದೀಯ? ಜೇಡದ ಬಾಯಿ ಅಷ್ಟಗಲ ಇರಲ್ಲ ಅಂತಾನಾ? ...ಥೂ. ಅದು ನನ್ನ ಹೊಲಿಗೆ ಅಳತೆ. ಸೋಫಾ ಅಂಚಿಗೆ ಅಷ್ಟಷ್ಟು ದೂರಕ್ಕೇ ಚುಚ್ಚೋದು ನಾನು. ಕೈ ತಾನಾಗೇ ಅಲ್ಲಿಗೇ ಹೋಯ್ತು.

ಹೂಂ. ದಬ್ಬಣ. ನಾನೇ ಚುಚ್ಕೊಂಡೆ. ಇನ್ನೇನು ಮಾಡ್ಲಿ? ಫೋನ್ ಎತ್ತಲ್ಲ, ಬಾಗಿಲು ತೆಗೆಯಲ್ಲ. ರೋಗಿ ಬಂದ್ರೆ ಮಾತ್ರ ನೀನು ಓಡಿಸಲ್ಲ ಅಂತ ಗೊತ್ತಿತ್ತು. ಅಕ್ಕಾ, ಹೊಸ ಬಟ್ಟೆ ಹೊದಿಸಿ ಕುರ್ಚಿ ತಂದಿಟ್ಟಾಗ ನೀನು ಕುಣಿದಾಡ್ತೀಯ ಅಂದ್ಕೊಂಡಿದ್ದೆ. ನಾನಂತೂ ಮೂರು ದಿನ ಕೂತು ಹೊಲಿದಿದ್ದೆ. ಅಮ್ಮ ತಲೆ ಆನಿಸ್ತಿದ್ದ ಕಡೆ ಎಣ್ಣೆ ಇಳಿದು ಕಪ್ಪಾಗಿತ್ತಲ್ಲ, ನನ್ನ ಕಣ್ಣಿಗೆ ಅದು ಕಲೆ, ಅಷ್ಟೇ. ಅಮ್ಮ ಹೋದ್ಮೇಲೆ ನೀನು ಅಲ್ಲಿ ಮುಖ ಇಟ್ಕೊಂಡು ಕೂತಿರ್ತಿದ್ದೆ ಅಂತ ನಂಗೇನು ಗೊತ್ತು! ಯಾರ ಕುರ್ಚಿ ಬಂದ್ರೂ ಹಳೇ ಬಟ್ಟೆ ಕಿತ್ತು ಅವತ್ತೇ ಸುಡ್ತೀನಿ. ಅದನ್ನೂ ಹಾಗೇ... ತಪ್ಪಾಯ್ತು ಕಣೇ. ಎಷ್ಟು ಹೊಲಿದ್ರೂ ಅದು ವಾಪಸ್ ಬರಲ್ಲ. ಗೊತ್ತು ನಂಗೆ. ನಂಗೂ ಅಮ್ಮನೇ ತಾನೇ ಅವಳು.

ಎಲ್ಲಿಗೆ ಎದ್ದೆ? ಹೋಗಬೇಡ ಅಕ್ಕಾ... ಅದೇನದು? ಸಿರಿಂಜಾ? ಕಚ್ಚಿಲ್ಲ ಅಂತ ಒಪ್ಕೊಂಡೆನಲ್ಲ, ಇನ್ಯಾಕೆ? ...ಓ. ದಬ್ಬಣ ಚುಚ್ಚಿದ್ದಕ್ಕೆ ಟಿಟಿನಾ? ಹೂಂ, ತುಕ್ಕು ಹಿಡಿದಿತ್ತು ಸ್ವಲ್ಪ. ಸ್ವಲ್ಪ ಏನು, ಪೂರ್ತಿ.

ಏ, ಸೂಜಿ ಇಷ್ಟುದ್ದ ಬೇಕಾ? ಚಿಕ್ಕೋನಿದ್ದಾಗ ನಿನ್ನ ಕೈ ಹಿಡ್ಕೊಂಡು ಕಣ್ಣು ಮುಚ್ಚಿಬಿಡ್ತಿದ್ದೆ. ಈಗ ಯಾರನ್ನ ಹಿಡ್ಕೊಳ್ಲಿ? ...ಇಲ್ಲೇನಾ? ನಿನ್ನ ಹೆಗಲಾ? ...ಹಿಡ್ಕೊಂಡೆ. ಚುಚ್ಚು. ಅಮ್ಮಾ!

...ಅಕ್ಕಾ. ಚುಚ್ಚಿದ್ದು ನಂಗೆ ಕಣೇ. ನೀನ್ಯಾಕೆ ಅಳ್ತಿದ್ದೀಯ?