ಬಾಗಿಲಿಗೆ ಬಂದ ಕುಂಬಳಕಾಯಿ

ಲಂಡನ್ನಿನ ಕಿಂಗ್ಸ್‌ಬರಿಯ ಬಸ್ ಸ್ಟಾಪಿನಲ್ಲಿ ಹಿಂದಿನಿಂದ ಉಡುಪಿ ಕಡೆಯ ಕನ್ನಡ ಕೇಳಿಸಿದ್ದೇ ತಡ, ಸಿರಿಶಾಳ ಕಿವಿ ನೆಟ್ಟಗಾಯಿತು. ಇಂಗ್ಲಿಷ್ ಹಳ್ಳಿಯೊಂದರಲ್ಲಿ ಮನೆ ಮಾಡಿದ್ದ ಪ್ರಫುಲ್ಲಕ್ಕ, ಶನಿವಾರ ಅದೇ ಹಳ್ಳಿಗೆ ಮನೆ ಬದಲಿಸಲು ಹೊರಟಿದ್ದ ಶೀತಲ್‌ಗೆ ಊರಿನ ಪರಿಚಯ ಮಾಡಿಕೊಡುತ್ತಿದ್ದರು.

“ನಾವು ಹೋದ ಮರುದಿನ ಬಾಗಿಲು ತೆಗೆದ್ರೆ, ಹೊಸ್ತಿಲ ಮೇಲೆ ಒಂದು ಕುಂಬಳಕಾಯಿ ಮಾರಾಯ್ತಿ!”

“ಅಯ್ಯೋ ಅಕ್ಕ, ಮಾಟವಾ?”

“ನಾನೂ ಹಾಗೇ ಗ್ರಹಿಸಿದ್ದು. ಇವರು ಗ್ಲೌಸ್ ಹಾಕಿ ಎತ್ತಿಕೊಂಡು ಹೋಗಿ, ಮೂರು ದಾರಿ ಸೇರುವಲ್ಲಿ ಒಡೆದು, ಹಿಂದೆ ನೋಡದೆ ಓಡಿ ಬಂದ್ರು.”

“ಇಟ್ಟದ್ದು ಯಾರು?”

“ಪಕ್ಕದ ಮನೆ ಅಜ್ಜಿ. ಹೊಸಬರಿಗೆ ಅಂತ ಪ್ರೀತಿಯಿಂದ ಕೊಟ್ಟದ್ದು. ಒಡೆಯುವುದನ್ನು ಕಿಟಕಿಯಿಂದ ನೋಡಿದ್ದಾರೆ!”

“ದೇವರೇ! ನೀವು ಎಂತ ಹೇಳಿದ್ರಿ?”

“ಹೊಸ ಮನೆಗೆ ಬಂದಾಗ ನಮ್ಮಲ್ಲಿ ಹೀಗೇ ಮಾಡುದು ಅಂದೆ.”

“ನಂಬಿದ್ರಾ?”

“ನಂಬಿದ್ದು ಮಾತ್ರವಾ? ಈಗ ಯಾರು ಹೊಸಬರು ಬಂದ್ರೂ ಕುಂಬಳಕಾಯಿ ಒಡೆಯಲಿಕ್ಕೆ ಇಡೀ ಊರು ಆ ಮೂರು ದಾರಿಯಲ್ಲಿ ಸೇರ್ತದೆ.”

ಸಿರಿಶಾ ಸ್ಕಾರ್ಫನ್ನು ಬಾಯಿಗೆ ತುರುಕಿಕೊಂಡಳು. ಬಸ್ಸು ಬಂತು.

“ಹಾಗಾದ್ರೆ ಶನಿವಾರ ನಮಗೂ?”

“ಅಜ್ಜಿ ದೊಡ್ಡದೊಂದು ಆರಿಸಿ ಇಟ್ಟಿದ್ದಾರೆ. ನೀನು ಒಡೆದ ಕೂಡಲೇ ಓಡು. ಪಾದ್ರಿಯವರೂ ಓಡ್ತಾರೆ, ಅಜ್ಜಿ ಕೋಲು ಹಿಡ್ಕೊಂಡು ಓಡ್ತಾರೆ. ಹಿಂದೆ ಮಾತ್ರ ನೋಡ್ಬೇಡ, ಅವರಿಗೆಲ್ಲ ಅದು ಆಗುದಿಲ್ಲ!”

ಇಬ್ಬರೂ ಬಸ್ಸು ಹತ್ತಿದರು. ಹಿಂದೆ ತಿರುಗಿ ನೋಡಲಿಲ್ಲ.