ನಾನೇ ಮುಚ್ಚಿದ ಕೋಡಿಹಳ್ಳ

ಅದಕ್ಕೇ ಹೇಳಿದ್ದು, ಬಚ್ಚಲ ಮೋರಿಗೆ ತೆಂಗಿನ ಚಿಪ್ಪು ತುರುಕಬೇಡ್ರಲಾ ಅಂತ. ನಗ್ತೀರಾ? ನಗಿ. ನಿಮ್ಮ ಮಾವ ಸಾಮಾನ್ಯದೋನಲ್ಲ, ದಬ್ಬೇಘಟ್ಟ ರಸ್ತೆ ಉದ್ದಕ್ಕೂ ನನ್ನಂಗೆ ಜೆಸಿಬಿ ಓಡಿಸೋ ಗಂಡು ಇನ್ನೊಬ್ಬ ಇಲ್ಲ, ಬೇಕಾದ್ರೆ ಬಕೆಟ್ ಹಲ್ಲಲ್ಲೇ ಎಳನೀರು ಕೆತ್ತಿಕೊಡ್ತೀನಿ. ಆದ್ರೆ ಈ ಕೈಯಲ್ಲೇ ನಮ್ಮನೆಗೆ ನಾನೇ ನೀರು ನುಗ್ಗಿಸಿದೆ ಕಣ್ರಲಾ. ನನ್ನ ಮೊದಲನೇ ಕೆಲಸ ಅದು. ಅಲ್ಲ, ಎರಡನೇದು, ಮೊದಲನೇದು ಒಂದು ಕೃಷಿಹೊಂಡ, ಅದಿರ್ಲಿ ಬುಡು. ನಮ್ಮ ಪಕ್ಕದ ತೆಂಗಿನ ತೋಟ ಕಡಿದು ಲೇಔಟ್ ಮಾಡಿದ್ನಲ್ಲ ಸಾಹುಕಾರ, ಹೆಸರು ಹೇಳಲ್ಲ, ಬಾಯಿ ಹೊಲಸಾಯ್ತದೆ, ಅವನು ಬಂದು, 'ಈ ಹಳ್ಳ ಮುಚ್ಚಿ ಸಮ ಮಾಡಪ್ಪ' ಅಂದ. ಕೋಡಿಹಳ್ಳ ಅದು, ಕೆರೆ ತುಂಬಿದ್ರೆ ನೀರು ಹರಿಯೋದೇ ಅದರಲ್ಲಿ. ಬೇಸಿಗೇಲಿ ಒಣಗಿತ್ತು. ನಿಮ್ಮಜ್ಜಿ ಬೇಲಿ ಹತ್ರ ನಿಂತು, 'ಲೇ ಮಗ, ನೀರಿನ ದಾರಿ ಕಣೋ ಅದು' ಅಂತ ಕೂಗಿದ್ಲು. ನಾನು ಜೆಸಿಬಿ ಮೇಲೆ ಕೂತಲ್ಲಿಂದ್ಲೇ, 'ಸುಮ್ನಿರವ್ವ, ಪ್ಲಾನ್ ಪಾಸಾಗೈತೆ, ಆಫೀಸಿನೋರು ನಿನಗಿಂತ ಓದವ್ರೆ' ಅಂದೆ. ಮಟ್ಟೆ, ಗರಿ, ಬೊಡ್ಡೆ ಎಲ್ಲಾ ತುಂಬಿ ಮೇಲೆ ಮಣ್ಣು ಹೊಡೆದು, ಎರಡೇ ದಿನಕ್ಕೆ ಚಾಪೆ ಹಾಸಿದಂಗೆ ಮಾಡಿಟ್ಟೆ. ಫೋಟೋ ಹಿಡಿದು ಸ್ಟೇಟಸ್ ಬೇರೆ ಹಾಕಿದ್ದೆ.

ಮಳೆ ಬಂತು, ಕೆರೆ ಕೋಡಿ ಬಿತ್ತು. ನೀರು ತನ್ನ ದಾರಿ ಹುಡುಕ್ತು, ಸಿಗಲಿಲ್ಲ, ನೆಟ್ಟಗೆ ನಮ್ಮ ಕೊಬ್ಬರಿ ಕೊಠಡಿಗೆ ಬಂತು. ಕಾಯಿ ಅಟ್ಟದ ಮೇಲಿದ್ವು, ಸದ್ಯ ಅಂದ್ಕೊಂಡೆ. ನಿಮ್ಮಜ್ಜಿ ಅಂದ್ಕೊಳ್ಳಲಿಲ್ಲ. ಕೆಳಗೆ ಮೊಣಕಾಲುದ್ದ ನೀರು ವಾರ ನಿಂತ್ರೆ ಮೇಲಕ್ಕೆ ಥಂಡಿ ಏರ್ತದೆ. ಹತ್ತು ತಿಂಗಳಿಂದ ಒಣಗ್ತಾ ಕೂತಿದ್ದ ಕಾಯಿ, ವರ್ಷದ ಫಸಲು ಪೂರ್ತಿ, ಇನ್ನೇನು ಒಡೆದು ಉಂಡೆ ಕೊಬ್ಬರಿ ತೆಗೀಬೇಕು. ಏಣಿ ಹತ್ತಿ ಒಂದನ್ನ ಕಿವಿ ಹತ್ರ ಅಲ್ಲಾಡಿಸಿದ್ಲು, ಚೆನ್ನಾಗಿ ಒಣಗಿದ ಕಾಯಂಗೇ ಗುಡುಗುಡು ಅಂತು. ಒಡೆದ್ರೆ ಒಳಗೆ ಬೂಷ್ಟು. ಇನ್ನೊಂದು, ಅದೂ ಬೂಷ್ಟು. ಹಿಂಗೇ ಅಟ್ಟದ ಅರ್ಧ ಕಾಯಿ ಹೋಗಿತ್ತು. ಏನಂದೆ? ಅಜ್ಜಿ ಹೊಡೆದ್ಲಾ ಅಂತಾನಾ? ಹೊಡೆದಿದ್ರೆ ವಾಸಿ ಇತ್ತು ಕಣ್ಲಾ, ನನ್ನ ಮುಖಾನೂ ನೋಡಲಿಲ್ಲ. ನೀರು ಹೋಗದಿದ್ರೆ ಉಳಿದರ್ಧಾನೂ ಹೋಯ್ತದೆ.

ಪ್ಲಾನ್ ಪಾಸು ಮಾಡಿದ ಆಫೀಸಿಗೆ ಹೋದೆ. ಅಲ್ಲಿನ ಗುಮಾಸ್ತ ನಕ್ಷೆ ಬಿಚ್ಚಿ ನೀಲಿ ಗೆರೆ ತೋರಿಸ್ದ, 'ಚರಂಡಿ ಇದೆಯಲ್ರೀ ಇಲ್ಲಿ.' ನಿಯಮಾನೂ ಓದಿದ: ಹಳ್ಳ ಮುಚ್ಚಂಗಿಲ್ಲ, ಪಕ್ಕದಲ್ಲಿ ಜಾಗ ಬಿಡಬೇಕು, ಲೇಔಟಿನ ಮಳೆನೀರು ಚರಂಡೀಲಿ ತಂದು ಹಳ್ಳಕ್ಕೆ ಸೇರಿಸಬೇಕು, ಅದಾಗೋ ತನಕ ಸೈಟು ಮಾರಂಗಿಲ್ಲ. 'ಚೆನ್ನಾಗಿ ಓದಿದ್ರಿ. ಈಗ ಬಂದು ನೋಡಿ' ಅಂದೆ.

'ಅರ್ಜಿ ಕೊಟ್ಟೋಗಿ, ಸ್ಥಳ ಪರಿಶೀಲನೆ ಮಾಡ್ತೀವಿ.'

'ಯಾವಾಗ?'

'ನೀರು ಇಳೀಲಿ.'

'ನೀರು ಇಳಿದ ಮೇಲೆ ಬಂದು ಏನ್ರೀ ನೋಡ್ತೀರಾ, ನಮ್ಮವ್ವನ ಮುಖಾನಾ?'

ಮೈಯೆಲ್ಲಾ ಉರೀತಿತ್ತು. ನಟ್ಟ ಮಧ್ಯಾಹ್ನ ಜೆಸಿಬಿ ತಂದು ಅಗೆಯೋಕೆ ನಿಂತೆ. ಬಕೆಟ್ ಹಾಕಿದಂಗೆಲ್ಲಾ ನಾನು ತುಂಬಿದ್ದ ಮಟ್ಟೇನೇ ಮೇಲೆ ಬರ್ತಿತ್ತು, ಕೊಳೆತು ನಾರ್ತಾ. ಸಾಹುಕಾರ ಓಡಿಬಂದ, 'ಲೇ, ಕೇಸು ಹಾಕಿಸ್ತೀನಿ.'

'ಹಾಕ್ಸಿ. ಮುಚ್ಚಿದ್ದೂ ಇವನೇ ಅಂತ ಮೊದಲನೇ ಸಾಲಲ್ಲೇ ಬರೆಸಿ. ಯಾರು ಮುಚ್ಚಿಸಿದ್ದು ಅಂತ ಎರಡನೇ ಸಾಲು ನಾನು ಬರೆಸ್ತೀನಿ.'

ಬಂದ ದಾರೀಲೇ ವಾಪಸ್ ಹೋದ. ಸಂಜೆಗೆ ನೀರು ಗೊಳಗೊಳ ಅಂತ ಹಳ್ಳ ಹಿಡೀತು. ನಿಮ್ಮಜ್ಜಿ ಅಟ್ಟದ ಕೆಳಗೆ ಹೊಗೆ ಹಾಕಿ ಉಳಿದ ಕಾಯಿ ಉಳಿಸ್ಕೊಂಡ್ಲು. ಆ ನೀಲಿ ಗೆರೆ ಇವತ್ತಿಗೂ ನಕ್ಷೆಯಲ್ಲೇ ಐತೆ, ಲೇಔಟಿಗೆ ಚರಂಡಿಯ ಒಂದು ಕಲ್ಲೂ ಬಂದಿಲ್ಲ, ಸೈಟು ಮಾತ್ರ ಎಲ್ಲಾ ಮಾರಾಟವಾಗಿ ಹೋದ್ವು. ನೀರಿನ ದಾರಿ ಮುಚ್ಚೋ ಮುಂಚೆ ನಕ್ಷೆ ಕೇಳಬೇಡ್ರಿ, ಆ ಜಾಗದಲ್ಲಿ ನಲವತ್ತು ಮಳೆ ನೋಡಿರೋ ಮುದುಕೀನ ಕೇಳಿ. ಏನ್ಲಾ ಬಾಯಿ ಬಿಟ್ಕೊಂಡು ನೋಡ್ತೀಯ? ಎದ್ದು ಆ ಚಿಪ್ಪು ತೆಗಿ ಹೋಗು.